ಚಲನಚಿತ್ರದಲ್ಲಿ ಮೂರನೆಯ ಆಯಾಮ: ಕಥನಕ್ಕೆ ಪೂರಕವೋ, ಬಾಧಕವೋ?

ಮೂರು ಆಯಾಮಗಳ ಚಲನಚಿತ್ರವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಲ್ಲುತ್ತದೆ. ವಾಸ್ತವಕ್ಕೆ ಇನ್ನಷ್ಟು ಹತ್ತಿರ ಒಯ್ಯುವುದರಿಂದ ಈ ತಂತ್ರವು ಕಥೆಯನ್ನು ಬಲಪಡಿಸುತ್ತದೆ ಎಂಬುದು ಒಂದು ನಿಲುವು. ಪ್ರೇಕ್ಷಕನ ಮುಖಕ್ಕೆ ವಸ್ತುಗಳನ್ನು ಎಸೆಯುವ ಈ ತಂತ್ರ ಜಾತ್ರೆಯ ಚಮತ್ಕಾರವೇ ಹೊರತು ಕಥನಕಲೆಯ ಅಂಗವಲ್ಲ ಎಂಬುದು ಇನ್ನೊಂದು. ಎರಡೂ ನಿಲುವುಗಳು ತಂತ್ರವನ್ನೇ ಕುರಿತು ತೀರ್ಪು ಕೊಡುತ್ತವೆ. ಒಂದು ಚಿತ್ರದ ಒಂದು ದೃಶ್ಯದಲ್ಲಿ ಆಳವು ಯಾವ ಕೆಲಸವನ್ನು ಮಾಡುತ್ತಿದೆ ಎಂದು ಕೇಳುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಕೆಲವು ಚಿತ್ರಗಳ ಆಧಾರದಿಂದ ಪರಿಶೀಲಿಸಿ, ಒಂದು ಸರಳವಾದ ಒರೆಗಲ್ಲನ್ನು ಸೂಚಿಸಲಾಗಿದೆ. ಅದೇ ಚಿತ್ರವನ್ನು ಎರಡು ಆಯಾಮಗಳ ಸಾಮಾನ್ಯ ಪ್ರತಿಯಲ್ಲಿ ನೋಡಿದಾಗ ಕಥೆಯಿಂದ ಏನು ಕಳೆದುಹೋಗುತ್ತದೆ ಎಂಬುದೇ ಆ ಒರೆಗಲ್ಲು.

ದೃಷ್ಟಿಯ ನೆಲೆ

ಮನುಷ್ಯನ ಎರಡು ಕಣ್ಣುಗಳ ನಡುವಿನ ಅಂತರ ಸರಾಸರಿ 6.3 ಸೆಂಟಿಮೀಟರುಗಳಷ್ಟು. ಈ ಅಂತರದಿಂದಾಗಿ ಎರಡು ಕಣ್ಣುಗಳಿಗೆ ಕಾಣುವ ಬಿಂಬಗಳು ತುಸು ಭಿನ್ನವಾಗಿರುತ್ತವೆ. ಆ ಭಿನ್ನತೆಯಿಂದಲೇ ಮಿದುಳು ಆಳವನ್ನು ಗ್ರಹಿಸುತ್ತದೆ. ಇದನ್ನು 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟೋನ್ ತನ್ನ ಸ್ಟೀರಿಯೋಸ್ಕೋಪ್ ಎಂಬ ಉಪಕರಣದ ಮೂಲಕ ನಿರೂಪಿಸಿದನು. ಮೂರು ಆಯಾಮಗಳ ಚಲನಚಿತ್ರದ ತತ್ತ್ವವೂ ಇದೇ. ಎಡಗಣ್ಣಿಗೂ ಬಲಗಣ್ಣಿಗೂ ಬೇರೆ ಬೇರೆ ಬಿಂಬಗಳನ್ನು ಕನ್ನಡಕದ ನೆರವಿನಿಂದ ತಲುಪಿಸಲಾಗುತ್ತದೆ.

ಸಾಮಾನ್ಯ ಚಲನಚಿತ್ರದಲ್ಲಿ ಆಳವೇ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಗಾತ್ರದ ಏರಿಳಿತ, ಒಂದು ವಸ್ತು ಇನ್ನೊಂದನ್ನು ಮರೆಮಾಡುವುದು, ನೆಳಲು ಬೆಳಕು, ಕ್ಯಾಮೆರಾದ ಚಲನೆ ಇವೆಲ್ಲವೂ ಆಳವನ್ನು ಸೂಚಿಸುತ್ತವೆ. 1941ರ 'ಸಿಟಿಜನ್ ಕೇನ್' ಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಹತ್ತಿರದ ಮುಖವನ್ನೂ ದೂರದ ಆಕೃತಿಯನ್ನೂ ಒಂದೇ ಚಿತ್ರಿಕೆಯಲ್ಲಿ ಸ್ಪಷ್ಟವಾಗಿ ಹಿಡಿದುದು ಇದಕ್ಕೆ ನಿದರ್ಶನ. ನಮ್ಮಲ್ಲಿಯೂ ಚಪ್ಪಟೆಯಾದ ತೊಗಲುಗೊಂಬೆಗಳೂ ದುಂಡಾದ ಸೂತ್ರದ ಗೊಂಬೆಗಳೂ ಅದೇ ರಾಮಾಯಣ ಭಾರತಗಳನ್ನು ಆಡಿ ತೋರಿಸಿವೆ. ಕಥನಕ್ಕೆ ಘನಾಕೃತಿ ಅನಿವಾರ್ಯವಲ್ಲ. ಆದುದರಿಂದ ಮೂರನೆಯ ಆಯಾಮವನ್ನು ತರುವವನು ಅದರಿಂದ ಯಾವ ಹೆಚ್ಚಿನ ಅರ್ಥ ಹುಟ್ಟುತ್ತದೆ ಎಂಬುದಕ್ಕೆ ಉತ್ತರಿಸಬೇಕಾಗುತ್ತದೆ.

ಈ ತಂತ್ರಕ್ಕೆ ತೆರಬೇಕಾದ ಬೆಲೆಯೂ ಇದೆ. ನಿತ್ಯಜೀವನದಲ್ಲಿ ಕಣ್ಣುಗಳು ಯಾವ ದೂರಕ್ಕೆ ಒಮ್ಮುಖವಾಗುತ್ತವೆಯೋ ಅದೇ ದೂರಕ್ಕೆ ಕಣ್ಣಿನ ಮಸೂರವೂ ಹೊಂದಿಕೊಳ್ಳುತ್ತದೆ. ಚಿತ್ರಮಂದಿರದಲ್ಲಾದರೋ ಮಸೂರವು ತೆರೆಯ ಮೇಲೆಯೇ ನೆಲೆಸಿರಬೇಕು, ಒಮ್ಮುಖತೆ ಮಾತ್ರ ತೆರೆಯ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿರಬೇಕು. ಸಂಕಲನಕಾರ ವಾಲ್ಟರ್ ಮರ್ಚ್ 2011ರಲ್ಲಿ ಈ ತಂತ್ರವನ್ನು ವಿರೋಧಿಸಿದಾಗ ಮುಂದಿಟ್ಟ ಮುಖ್ಯ ಕಾರಣ ಇದೇ ಆಗಿತ್ತು. ಚಿತ್ರಿಕೆಗಳು ವೇಗವಾಗಿ ಬದಲಾದಷ್ಟೂ ಈ ಹೊಂದಾಣಿಕೆಯ ಶ್ರಮ ಹೆಚ್ಚುತ್ತದೆ. ಕನ್ನಡಕವು ಬೆಳಕಿನ ದೊಡ್ಡ ಪಾಲನ್ನು ಹೀರಿಕೊಳ್ಳುವುದರಿಂದ ಚಿತ್ರವೂ ಮಂಕಾಗುತ್ತದೆ. ಇನ್ನೊಂದು ತೊಡಕು ಚೌಕಟ್ಟಿನದು. ತೆರೆಯಿಂದ ಮುಂದೆ ಚಾಚಿದಂತೆ ತೋರುವ ವಸ್ತುವನ್ನು ತೆರೆಯ ಅಂಚು ಕತ್ತರಿಸಿದರೆ, ಹಿಂದಿರುವ ಅಂಚು ಮುಂದಿರುವ ವಸ್ತುವನ್ನು ಮರೆಮಾಡಿದಂತಾಗಿ ಭ್ರಮೆ ಒಡೆಯುತ್ತದೆ.

ಸಿದ್ಧಾಂತಕಾರರ ಚರ್ಚೆ

ಈ ವಿಷಯದಲ್ಲಿ ಚಲನಚಿತ್ರ ಮೀಮಾಂಸೆ ಮೊದಲಿನಿಂದಲೂ ಇಬ್ಭಾಗವಾಗಿದೆ. ರುಡಾಲ್ಫ್ ಆರ್ನ್‌ಹೈಮ್ 1932ರ ತನ್ನ ಗ್ರಂಥದಲ್ಲಿ, ಚಲನಚಿತ್ರವು ವಾಸ್ತವಕ್ಕಿಂತ ಎಲ್ಲಿ ಭಿನ್ನವಾಗಿದೆಯೋ ಅಲ್ಲಿಯೇ ಕಲೆಯಾಗುತ್ತದೆ ಎಂದು ವಾದಿಸಿದನು. ಈ ದೃಷ್ಟಿಯಲ್ಲಿ ತೆರೆಯ ಚಪ್ಪಟೆತನವು ದೋಷವಲ್ಲ, ಕಲಾವಿದನ ಸಾಧನ. ಆಂದ್ರೆ ಬಾಜಾನ್ 1946ರಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಧ್ವನಿ, ಬಣ್ಣ, ಘನತೆಗಳೆಲ್ಲ ಕೂಡಿದ ಪರಿಪೂರ್ಣ ವಾಸ್ತವದ ಕನಸೇ ಚಲನಚಿತ್ರದ ಹುಟ್ಟಿಗೆ ಪ್ರೇರಣೆಯೆಂದು ಹೇಳಿದನು. ಸೆರ್ಗೆಯಿ ಐಸೆನ್‌ಸ್ಟೈನ್ ತನ್ನ ಕೊನೆಯ ದಿನಗಳಲ್ಲಿ ಬರೆದ ಪ್ರಬಂಧವೊಂದರಲ್ಲಿ ಮೂರು ಆಯಾಮಗಳ ಚಿತ್ರವನ್ನು ಸ್ವಾಗತಿಸಿ, ಅದನ್ನು ರಂಗಭೂಮಿಯ ಪರಂಪರೆಯೊಂದಿಗೆ ಜೋಡಿಸಿದನು. ಅವನ ದೃಷ್ಟಿಯಲ್ಲಿ ಪ್ರೇಕ್ಷಕನಿಗೂ ನಟನಿಗೂ ನಡುವಿನ ಕಂದಕವನ್ನು ದಾಟುವ ಹಳೆಯ ಹಂಬಲಕ್ಕೆ ಇಲ್ಲೊಂದು ಉತ್ತರವಿತ್ತು. ಇವರಲ್ಲಿ ಐಸೆನ್‌ಸ್ಟೈನನ ಮಾತು ನಮ್ಮ ಪ್ರಶ್ನೆಗೆ ಹೆಚ್ಚು ಸಮೀಪವಾದುದು. ಏಕೆಂದರೆ ಅದು ಆಳವನ್ನು ವಾಸ್ತವದ ಅಳತೆಯಾಗಿ ನೋಡದೆ, ಪ್ರೇಕ್ಷಕನಿಗೂ ಕಥೆಗೂ ಇರುವ ಸಂಬಂಧವನ್ನಾಗಿ ನೋಡುತ್ತದೆ.

ಎರಡು ಚಿತ್ರಗಳು: 1953 ಮತ್ತು 1954

1952ರ ನವೆಂಬರಿನಲ್ಲಿ ತೆರೆಕಂಡ 'ಬ್ವಾನಾ ಡೆವಿಲ್' ಅಮೆರಿಕದಲ್ಲಿ ಮೂರು ಆಯಾಮದ ಚಿತ್ರಗಳ ಅಲೆಯೊಂದನ್ನು ಎಬ್ಬಿಸಿತು. ಆ ಅಲೆಯ ಪ್ರಸಿದ್ಧ ಚಿತ್ರ 1953ರ 'ಹೌಸ್ ಆಫ್ ವ್ಯಾಕ್ಸ್'. ಅದರ ನಿರ್ದೇಶಕ ಆಂದ್ರೆ ಡಿ ಟಾಥ್ ಒಂದು ಕಣ್ಣನ್ನು ಕಳೆದುಕೊಂಡಿದ್ದವನು. ತನ್ನ ಚಿತ್ರದ ಘನಪರಿಣಾಮವನ್ನು ಅವನೇ ಕಾಣುವಂತಿರಲಿಲ್ಲ. ಆ ಚಿತ್ರದಲ್ಲಿ ಮೇಣದ ಗೊಂಬೆಗಳ ಪ್ರದರ್ಶನಶಾಲೆಯ ಮುಂದೆ ಜನರನ್ನು ಕೂಗಿ ಕರೆಯುವವನೊಬ್ಬನು ದಾರ ಕಟ್ಟಿದ ಚೆಂಡನ್ನು ಹಲಗೆಯಿಂದ ಹೊಡೆಯುತ್ತ ಪ್ರೇಕ್ಷಕರತ್ತ ಚಿಮ್ಮಿಸುತ್ತಾನೆ. ಜನರನ್ನು ಸೆಳೆಯುವುದೇ ಅವನ ವೃತ್ತಿಯಾದುದರಿಂದ ದೃಶ್ಯಕ್ಕೆ ತೆಳುವಾದ ಸಮರ್ಥನೆಯಿದೆ. ಆದರೂ ಅವನು ಕಥೆಯೊಳಗಿನ ಜನರನ್ನು ಬಿಟ್ಟು ಚಿತ್ರಮಂದಿರದಲ್ಲಿ ಕುಳಿತವರಿಗೆ ಮಾತನಾಡುತ್ತಾನೆ. ಅಷ್ಟು ಹೊತ್ತು ಕಥೆ ನಿಂತು ಕಾಯುತ್ತದೆ. ಎರಡು ಆಯಾಮದ ಪ್ರತಿಯಲ್ಲಿ ಈ ದೃಶ್ಯ ಏಕಿದೆಯೆಂಬುದೇ ತಿಳಿಯುವುದಿಲ್ಲ.

ಆಲ್‌ಫ್ರೆಡ್ ಹಿಚ್‌ಕಾಕ್ ನಿರ್ದೇಶನದ 'ಡಯಲ್ ಎಂ ಫಾರ್ ಮರ್ಡರ್' 1954ರಲ್ಲಿ ತೆರೆಕಂಡಿತು. ಫ್ರೆಡರಿಕ್ ನಾಟ್‌ನ ನಾಟಕವನ್ನು ಆಧರಿಸಿದ ಈ ಚಿತ್ರ ಬಹುತೇಕ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಕ್ಯಾಮೆರಾವನ್ನು ತಗ್ಗಿನಲ್ಲಿರಿಸಲು ನೆಲದಲ್ಲಿ ಗುಂಡಿ ತೋಡಿಸಿದ ಹಿಚ್‌ಕಾಕ್, ದೀಪ, ಬಾಟಲಿ ಮೊದಲಾದ ವಸ್ತುಗಳನ್ನು ಪ್ರೇಕ್ಷಕನಿಗೂ ಪಾತ್ರಗಳಿಗೂ ನಡುವೆ ನಿಲ್ಲಿಸಿದನು. ವಸ್ತುಗಳು ಹೊರಗೆ ಚಾಚುವುದಕ್ಕಿಂತ ಕೋಣೆಯೇ ಒಳಕ್ಕೆ ಆಳವಾಗುತ್ತದೆ. ಗಂಡನು ಹೆಂಡತಿಯ ಕೊಲೆಗೆ ಹೂಡುವ ಸಂಚನ್ನು ನಾವು ಅದೇ ಕೋಣೆಯ ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡಂತಾಗುತ್ತದೆ. ಆಳವು ಎದ್ದು ಹೊರಬರುವುದು ಮುಖ್ಯವಾಗಿ ಎರಡು ಕಡೆ. ಕತ್ತು ಹಿಸುಕಲ್ಪಡುತ್ತಿರುವ ನಾಯಕಿ ಮೇಜಿನ ಮೇಲಿನ ಕತ್ತರಿಗಾಗಿ ತಡಕಾಡುವಾಗ ಅವಳ ಕೈ ಪ್ರೇಕ್ಷಕರತ್ತ ಚಾಚುತ್ತದೆ. ಮುಂದೆ ತನಿಖಾಧಿಕಾರಿ ಬೀಗದ ಕೈಯನ್ನು ಎತ್ತಿ ಹಿಡಿಯುತ್ತಾನೆ. ಕತ್ತರಿಯಿಂದ ಕಥೆ ತಿರುವು ಪಡೆಯುತ್ತದೆ, ಬೀಗದ ಕೈಯಿಂದ ಬಿಡಿಸಿಕೊಳ್ಳುತ್ತದೆ.

ಈ ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅಲೆ ಇಳಿದಿತ್ತು. ಹೆಚ್ಚಿನ ಚಿತ್ರಮಂದಿರಗಳು ಅದನ್ನು ಎರಡು ಆಯಾಮಗಳಲ್ಲಿಯೇ ತೋರಿಸಿದವು. ಹಾಗೆ ನೋಡಿದವರಿಗೆ ಕಥೆ ಪೂರ್ಣವಾಗಿಯೇ ದಕ್ಕುತ್ತದೆ. ಕಳೆದುಹೋಗುವುದು ನೆರವು ಬೇಡಿ ನಮ್ಮತ್ತ ಚಾಚಿದ ಕೈಯ ಒತ್ತಾಯ ಮತ್ತು ಆ ಕೋಣೆಯಲ್ಲಿ ನಾವೂ ಇದ್ದೆವೆಂಬ ಮುಜುಗರ.

ಮಾಯೆಯ ಕಥೆ, ಮಾಯೆಯ ತಂತ್ರ

ಭಾರತದ ಮೊದಲ ಮೂರು ಆಯಾಮದ ಚಿತ್ರ 1984ರ ಮಲಯಾಳದ 'ಮೈ ಡಿಯರ್ ಕುಟ್ಟಿಚಾತ್ತನ್'. ನವೋದಯ ಸಂಸ್ಥೆಯ ಈ ಚಿತ್ರವನ್ನು ಜಿಜೋ ಪುನ್ನೂಸ್ ನಿರ್ದೇಶಿಸಿದರು. ಹಿಂದಿಯಲ್ಲಿ ಇದು 1998ರಲ್ಲಿ 'ಛೋಟಾ ಚೇತನ್' ಎಂದು ಬಂದಿತು. ಮಂತ್ರವಾದಿಯ ವಶದಲ್ಲಿರುವ ಪುಟ್ಟ ಚಾತ್ತನ್ನನ್ನು ಮೂವರು ಮಕ್ಕಳು ಬಿಡಿಸುವ ಕಥೆಯಿದು. ಮಾಯೆ ಮಾಡುವುದು ಚಾತ್ತನ್ನ ಸ್ವಭಾವವೇ ಆದುದರಿಂದ ತೆರೆಯಿಂದ ಹೊರಚಿಮ್ಮುವ ವಸ್ತುಗಳು ಕಥೆಗೆ ಹೊರತಾಗುವುದಿಲ್ಲ. ಆದರೆ ಈ ಚಿತ್ರದ ಅತ್ಯಂತ ನೆನಪುಳಿಯುವ ದೃಶ್ಯಗಳಲ್ಲಿ ಒಂದಾದ, ಮಕ್ಕಳು ಗೋಡೆಯ ಮೇಲೂ ಛಾವಣಿಯ ಮೇಲೂ ನಡೆದಾಡುವ ಹಾಡು ತಿರುಗುವ ಕೋಣೆಯೊಂದನ್ನು ನಿರ್ಮಿಸಿ ಚಿತ್ರೀಕರಿಸಿದ್ದು. ಎರಡು ಆಯಾಮದ ಪ್ರತಿಯಲ್ಲಿಯೂ ಅದರ ಬೆರಗು ಉಳಿಯುತ್ತದೆ. ಬೆರಗಿನ ಮೂಲ ಆಳವೊಂದೇ ಅಲ್ಲವೆಂಬುದಕ್ಕೆ ಆ ಚಿತ್ರವೇ ಸಾಕ್ಷಿ.

ಡಿಜಿಟಲ್ ಯುಗ

2009ರ 'ಅವತಾರ್' ಚಿತ್ರದ ಯಶಸ್ಸು ಈ ತಂತ್ರಕ್ಕೆ ಮರುಜೀವ ಕೊಟ್ಟಿತು. ಅದರ ಬೆನ್ನಲ್ಲೇ ಎರಡು ಆಯಾಮಗಳಲ್ಲಿ ಚಿತ್ರೀಕರಿಸಿದ ಚಿತ್ರಗಳನ್ನು ತರುವಾಯ ಪರಿವರ್ತಿಸುವ ಪರಿಪಾಠ ಬೆಳೆಯಿತು. 2010ರ 'ಕ್ಲ್ಯಾಷ್ ಆಫ್ ದಿ ಟೈಟನ್ಸ್' ಇಂತಹ ಅವಸರದ ಪರಿವರ್ತನೆಗಾಗಿ ತೀವ್ರ ಟೀಕೆಗೆ ಗುರಿಯಾಯಿತು. ದೃಶ್ಯವನ್ನು ಸಂಯೋಜಿಸುವಾಗ ಯೋಚಿಸದ ಆಳವನ್ನು ಅನಂತರ ಸೇರಿಸಿದರೆ ಅದು ಅಲಂಕಾರವಾಗಿಯೇ ಉಳಿಯುವ ಸಂಭವ ಹೆಚ್ಚು.

ಮಾರ್ಟಿನ್ ಸ್ಕಾರ್ಸೆಸೆಯ 2011ರ 'ಹ್ಯೂಗೋ' ಬೇರೆ ಬಗೆಯದು. ರೈಲುನಿಲ್ದಾಣದ ನಿರೀಕ್ಷಕನು ಅನಾಥ ಬಾಲಕನನ್ನು ಪ್ರಶ್ನಿಸುತ್ತ ಬಾಗುವಾಗ ಅವನ ಮುಖ ನಿಧಾನವಾಗಿ ತೆರೆಯಿಂದ ಮುಂದೆ ಬರುತ್ತದೆ. ಬಾಲಕನಿಗೆ ಆಗುವ ಅಂಜಿಕೆಯೇ ಇಲ್ಲಿ ಆಳದ ರೂಪ ಪಡೆದಿದೆ. 2014ರಲ್ಲಿ ಜೀನ್‌ಲುಕ್ ಗೊಡಾರ್ 'ಗುಡ್‌ಬೈ ಟು ಲ್ಯಾಂಗ್ವೇಜ್' ಚಿತ್ರದ ಒಂದೆಡೆ ಎರಡು ಕ್ಯಾಮೆರಾಗಳನ್ನು ಬೇರ್ಪಡಿಸಿ, ಒಂದು ಕಣ್ಣಿಗೆ ಒಬ್ಬ ವ್ಯಕ್ತಿಯನ್ನೂ ಇನ್ನೊಂದು ಕಣ್ಣಿಗೆ ಮತ್ತೊಬ್ಬ ವ್ಯಕ್ತಿಯನ್ನೂ ತೋರಿಸಿ, ಮತ್ತೆ ಬಿಂಬಗಳನ್ನು ಕೂಡಿಸಿದನು. ಗಂಡುಹೆಣ್ಣಿನ ಅಗಲಿಕೆ ಪ್ರೇಕ್ಷಕನ ದೃಷ್ಟಿಯಲ್ಲಿಯೇ ನಡೆಯುತ್ತದೆ. ಈ ದೃಶ್ಯಕ್ಕೆ ಎರಡು ಆಯಾಮದ ಪ್ರತಿಯೇ ಸಾಧ್ಯವಿಲ್ಲ. ನಮ್ಮ ಒರೆಗಲ್ಲಿನ ಮಿತಿಯೂ ಇಲ್ಲಿ ಕಾಣುತ್ತದೆ.

ಕನ್ನಡದ ಸಂದರ್ಭ

ಕನ್ನಡದಲ್ಲಿ 2012ರ 'ಕಠಾರಿವೀರ ಸುರಸುಂದರಾಂಗಿ', 2019ರ 'ಕುರುಕ್ಷೇತ್ರ', 2022ರ 'ವಿಕ್ರಾಂತ್ ರೋಣ' ಮೂರು ಆಯಾಮಗಳಲ್ಲಿ ಬಂದ ಚಿತ್ರಗಳು. ಮೊದಲ ಎರಡು ಪುರಾಣಲೋಕವನ್ನೂ ಇತಿಹಾಸಕಾವ್ಯವನ್ನೂ ಆಶ್ರಯಿಸಿದ್ದರೆ ಮೂರನೆಯದು ಮಳೆಕಾಡಿನ ಕತ್ತಲೆಯನ್ನು ಆಶ್ರಯಿಸಿದೆ. ಕನ್ನಡಕದಿಂದ ಬೆಳಕು ಕುಗ್ಗುವ ಪ್ರಶ್ನೆ ಇಂತಹ ಕತ್ತಲೆಯ ಚಿತ್ರಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ.

ಈ ಚಿತ್ರಗಳನ್ನು ಮುಂದೆ ಅಧ್ಯಯನ ಮಾಡುವವರ ಮುಂದೆ ಒಂದು ಗಂಭೀರ ತೊಡಕಿದೆ. ಮನೆಯಲ್ಲಿ ಮೂರು ಆಯಾಮದ ಚಿತ್ರ ನೋಡಲು ಅನುಕೂಲವಾಗಿದ್ದ ಟೆಲಿವಿಷನ್‌ಗಳ ತಯಾರಿಕೆಯನ್ನು ಪ್ರಮುಖ ಕಂಪನಿಗಳು 2017ರ ವೇಳೆಗೆ ಕೈಬಿಟ್ಟವು. ಚಿತ್ರಮಂದಿರದ ಪ್ರದರ್ಶನ ಮುಗಿದ ಮೇಲೆ ಸಂಶೋಧಕನ ಕೈಗೆ ಸಾಮಾನ್ಯವಾಗಿ ಸಿಗುವುದು ಎರಡು ಆಯಾಮದ ಪ್ರತಿ ಮಾತ್ರ. ಅದನ್ನಷ್ಟೇ ನೋಡಿ ಮೂರನೆಯ ಆಯಾಮ ವ್ಯರ್ಥವಾಗಿತ್ತೆಂದೋ ಸಾರ್ಥಕವಾಗಿತ್ತೆಂದೋ ಬರೆದರೆ ಅದು ಕಾಣದ ವಸ್ತುವನ್ನು ಕುರಿತ ತೀರ್ಪಾಗುತ್ತದೆ. 'ಡಯಲ್ ಎಂ ಫಾರ್ ಮರ್ಡರ್' ಕೂಡ ಬಹುಕಾಲ ಹೀಗೆಯೇ ವಿಮರ್ಶೆಗೊಳಗಾಗಿತ್ತು; ಎರಡೂ ಕಣ್ಣುಗಳ ಪ್ರತಿಗಳು ಉಳಿದುಬಂದುದರಿಂದಲೇ ಅದರ ಮರುಪರಿಶೀಲನೆ ಸಾಧ್ಯವಾಯಿತು. ಆದಕಾರಣ ಗ್ರಂಥಾಲಯಗಳೂ ಚಿತ್ರಸಂಗ್ರಹಾಲಯಗಳೂ ಇಂತಹ ಚಿತ್ರಗಳ ಎಡ ಮತ್ತು ಬಲಗಣ್ಣಿನ ಎರಡೂ ಪ್ರತಿಗಳನ್ನು ಕಾಪಾಡುವುದು ಅಗತ್ಯ. ಲಭ್ಯವಿರುವ ಪ್ರತಿ ಯಾವ ಬಗೆಯದೆಂದು ಸೂಚಿಯಲ್ಲಿ ನಮೂದಿಸುವುದೂ ಅಷ್ಟೇ ಅಗತ್ಯ.

ಉಪಸಂಹಾರ

ಎರಡು ಆಯಾಮದ ಪ್ರತಿಯಲ್ಲಿ ಏನೂ ಕಳೆದುಹೋಗದಿದ್ದರೆ ಆಳವು ಅಲಂಕಾರ ಮಾತ್ರ. ಕಳೆದುಹೋಗಿ ದೃಶ್ಯವೇ ನಿರರ್ಥಕವೆನಿಸಿದರೆ ಅದು ಕಥೆಗೆ ಬಾಧಕ. ಕಥೆ ಉಳಿದು, ಅದರ ಅರ್ಥದ ಒಂದು ಪದರ ತೆಳುವಾದರೆ ಅದು ಪೂರಕ. ಗೊಡಾರನಂತೆ ಆಳವನ್ನೇ ಹೇಳಿಕೆಯನ್ನಾಗಿಸಿದ ಚಿತ್ರಗಳು ವಿರಳ. ಅವುಗಳನ್ನು ಬೇರೆಯಾಗಿಯೇ ನೋಡಬೇಕು. ಹೀಗೆ ತೀರ್ಪು ತಂತ್ರವನ್ನು ಕುರಿತದ್ದಲ್ಲ, ಪ್ರತಿಯೊಂದು ದೃಶ್ಯವನ್ನು ಕುರಿತದ್ದು. ಚೆಂಡೂ ಚಾಚಿದ ಕೈಯೂ ಪ್ರೇಕ್ಷಕನತ್ತಲೇ ಬಂದವು. ಚೆಂಡು ಅವನನ್ನು ಕಥೆಯಿಂದ ಹೊರಗೆ ಕರೆಯಿತು, ಕೈ ಒಳಗೆ ಎಳೆದುಕೊಂಡಿತು.