ಬ್ಯಾಂಡಿಂಗ್ ನೆಚ್ಚಿ ಡೆಕ್ ಕಟ್ಟಬಹುದೇ?

ಪ್ರಶ್ನೆ: ‘ಮ್ಯಾಜಿಕ್: ದ ಗ್ಯಾದರಿಂಗ್’ ಆಟದ ಹಳೆಯ ಕಾರ್ಡ್‌ಗಳಲ್ಲಿ ಕಾಣುವ ‘ಬ್ಯಾಂಡಿಂಗ್’ ಏನು? ಅದನ್ನೇ ನೆಚ್ಚಿ ಡೆಕ್ ಕಟ್ಟಬಹುದೇ?

ಉತ್ತರ: ಖಂಡಿತ ಕಟ್ಟಬಹುದು. 1993ರ ಮೊದಲ ಆವೃತ್ತಿಯಲ್ಲೇ ಬಂದ ಈ ನಿಯಮ ತೀರಾ ತೊಡಕಿನದು. 1997ರ ‘ವೆದರ್‌ಲೈಟ್’ ಕಾರ್ಡ್ ಸರಣಿಯ ಬಳಿಕ ವಿನ್ಯಾಸಕಾರರು ಇದನ್ನು ಕೈಬಿಟ್ಟರು. ಬ್ಯಾಂಡಿಂಗ್ ಉಳ್ಳ ಜೀವಿಗಳು, ಅದಿಲ್ಲದ ಒಂದೇ ಒಂದು ಜೀವಿಯನ್ನೂ ಸೇರಿಸಿಕೊಂಡು ತಂಡವಾಗಿ ದಾಳಿ ಮಾಡಬಹುದು. ಒಂದನ್ನು ತಡೆದರೆ ಇಡೀ ತಂಡವನ್ನೇ ತಡೆದಂತೆ. ಆದರೆ ತಡೆದವನ ಪೆಟ್ಟು ಯಾರ ಮೇಲೆ ಬೀಳಬೇಕೆಂದು ತೀರ್ಮಾನಿಸುವವರು ನೀವೇ! ಸ್ವಾರಸ್ಯವೆಲ್ಲ ಇಲ್ಲಿದೆ.

ಉದಾಹರಣೆಗೆ, ಒಂದೇ ಬಿಳಿ ಮಾನಾ ಬೇಡುವ, ಬ್ಯಾಂಡಿಂಗ್ ಉಳ್ಳ 1/1 ಬೆನಾಲಿಶ್ ಹೀರೋ ಜೊತೆ, ಕಪ್ಪು ಬಣ್ಣದಿಂದ ರಕ್ಷಣೆಯಿರುವ ವೈಟ್ ನೈಟ್ ಅನ್ನು ಕಳಿಸಿ. 4/4 ಸೆಂಗಿರ್ ವ್ಯಾಂಪೈರ್ ಹೀರೋವನ್ನು ತಡೆದರೆ, ನಾಲ್ಕೂ ಪೆಟ್ಟನ್ನು ನೈಟ್ ಮೇಲೆ ಹೊರಿಸಿ. ವ್ಯಾಂಪೈರ್ ಕಪ್ಪು ಜೀವಿ. ಹಾಗಾಗಿ ಪೆಟ್ಟೆಲ್ಲ ವ್ಯರ್ಥ, ಇಬ್ಬರೂ ಬದುಕುತ್ತಾರೆ.

60 ಕಾರ್ಡ್‌ಗಳ ಡೆಕ್‌ನಲ್ಲಿ ಹೀರೋ, ಮೆಸಾ ಪೆಗಾಸಸ್, ವೈಟ್ ನೈಟ್ ತಲಾ ನಾಲ್ಕಿರಲಿ. ನೆನಪಿಡಿ: ಹಾರುವ ಪೆಗಾಸಸ್ ಜೊತೆಗಿದ್ದ ಮಾತ್ರಕ್ಕೆ ನೈಟ್ ಹಾರುವುದಿಲ್ಲ. ಎಲ್ಲ ಜೀವಿಗಳನ್ನೂ ಅಳಿಸುವ ‘ರಾತ್ ಆಫ್ ಗಾಡ್’ ಈ ಡೆಕ್‌ನ ದೊಡ್ಡ ಶತ್ರು. ಒಂದಿಬ್ಬರನ್ನು ಕೈಯಲ್ಲೇ ಉಳಿಸಿಕೊಳ್ಳಿ. ಆಟಕ್ಕೆ ಮುಂಚೆ ಎದುರಾಳಿಗೂ ನಿಯಮ ತಿಳಿಸಿ, ಆಗಲೇ ಗೆಲುವಿಗೆ ಬೆಲೆ.