ಹಲ್ಲಿನ ಚಿಕಿತ್ಸೆಗೆ ವಿಮೆ ಹಣ ಸಿಗುತ್ತದೆಯೇ?

ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ ಎಂಬುದು ಹಳೆಯ ಗಾದೆ. ವಿಮೆ ಇದ್ದರೂ ಹಲ್ಲಿಗೆ ಹಣವಿಲ್ಲ ಎಂಬುದು ಇಂದಿನ ಅನುಭವ. ವರ್ಷವೂ ತಪ್ಪದೆ ಕಂತು ಕಟ್ಟಿದವರು ರೂಟ್ ಕೆನಾಲ್ ಮಾಡಿಸಿ ಬಿಲ್ಲು ಕಳಿಸಿದರೆ, ಅದು ತಿರಸ್ಕೃತವಾಗಿ ಬರುವುದೇ ಹೆಚ್ಚು.

ಕಾರಣ ಸರಳ. ನಮ್ಮಲ್ಲಿನ ಆರೋಗ್ಯ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಖರ್ಚಿಗಾಗಿ ಇರುವಂಥದ್ದು. ಹುಳುಕು ತುಂಬಿಸುವುದು, ಹಲ್ಲು ಕೀಳಿಸುವುದು, ಕ್ಯಾಪ್ ಹಾಕಿಸುವುದು ಇವೆಲ್ಲ ಅದೇ ದಿನ ಮನೆಗೆ ಮರಳುವ ಹೊರರೋಗಿ ಚಿಕಿತ್ಸೆಗಳು. ಹೊರರೋಗಿ ಸೌಲಭ್ಯವನ್ನು ಪ್ರತ್ಯೇಕವಾಗಿ ಸೇರಿಸಿದ ಪಾಲಿಸಿಗಳಲ್ಲಿ ಮಾತ್ರ, ನಿಗದಿತ ಮಿತಿಯೊಳಗೆ, ಇವುಗಳಿಗೆ ಹಣ ಸಿಗಬಹುದು.

ಯಾವಾಗ ಸಿಗುತ್ತದೆ?

ಬೈಕಿನಿಂದ ಬಿದ್ದು ದವಡೆ ಮುರಿದು ಆಸ್ಪತ್ರೆ ಸೇರಿದರೆ ಸಾಮಾನ್ಯವಾಗಿ ವಿಮೆ ಅನ್ವಯಿಸುತ್ತದೆ. 2020ರಲ್ಲಿ ಜಾರಿಗೆ ಬಂದ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲಿ, ದಾಖಲಾದಾಗ ರೋಗ ಅಥವಾ ಗಾಯದಿಂದ ಅಗತ್ಯವಾದ ದಂತ ಚಿಕಿತ್ಸೆಯೂ ಸೇರಿದೆ. ಆದರೆ ಒಪ್ಪಿದ ಮೊತ್ತದ ಶೇ 5ರಷ್ಟನ್ನು ರೋಗಿಯೇ ಭರಿಸಬೇಕು. ಉದಾಹರಣೆಗೆ, ಬಿಲ್ಲು 40,000 ರೂಪಾಯಿ, ಕಂಪನಿ ಒಪ್ಪಿದ್ದು 36,000 ಎಂದುಕೊಳ್ಳಿ. ಒಪ್ಪದ 4,000, ಜೊತೆಗೆ ಶೇ 5ರ ಪಾಲು 1,800, ಒಟ್ಟು 5,800 ರೂಪಾಯಿ ನಿಮ್ಮ ಕೈಯಿಂದ ಹೋಗುತ್ತದೆ.

ಮಕ್ಕಳು ಇಎಸ್‌ಐ ಸೌಲಭ್ಯವಿರುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ, ಅವರನ್ನೇ ಅವಲಂಬಿಸಿದ ತಂದೆ ತಾಯಿಗೂ ಇಎಸ್‌ಐ ಚಿಕಿತ್ಸೆಯ ಹಕ್ಕಿದೆ.

ರೇಷನ್ ಕಾರ್ಡಿನವರಿಗೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಬಾಯಿಯ ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿದೆ. ಎಲೆ ಅಡಿಕೆಯೊಡನೆ ತಂಬಾಕು ಹಾಕುವವರು, ಗುಟ್ಕಾ ತಿನ್ನುವವರು ಇದನ್ನು ನೆನಪಿಡಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ತಡಮಾಡದೆ ತೋರಿಸಿ.

ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆಡೂರಿನ ಸುತ್ತಲಿನವರು ಹಾನಗಲ್ ತಾಲ್ಲೂಕು ಆಸ್ಪತ್ರೆಗೆ ರೇಷನ್ ಕಾರ್ಡ್, ಆಧಾರ್ ಒಯ್ದು ತೋರಿಸಲಿ. ಅಲ್ಲಿ ಆಗದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆಯದೆ ನೇರವಾಗಿ ಹುಬ್ಬಳ್ಳಿ, ದಾವಣಗೆರೆಯ ಖಾಸಗಿ ಆಸ್ಪತ್ರೆ ಸೇರಿದರೆ ಯೋಜನೆಯ ಲಾಭ ತಪ್ಪಬಹುದು.

ಬಿಲ್ಲಿನ ಎಚ್ಚರ

* ಚಿಕಿತ್ಸೆಗೆ ಮೊದಲೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಕ್ಯಾಪಿನ ದರ ಬೇರೆಯೇ ಎಂದು ಕೇಳಿ.
* ನಗದುರಹಿತ ಸೌಲಭ್ಯ ಬೇಕಾದರೆ ಕಂಪನಿಯ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯಿರಿ.
* ಕೈಯಿಂದ ಕಟ್ಟಿದ್ದರೆ ಬಾಬುವಾರು ಮೂಲ ಬಿಲ್ಲು, ರಸೀದಿ, ಎಕ್ಸ್‌ರೇ, ವೈದ್ಯರ ಚೀಟಿ, ಬಿಡುಗಡೆ ಪತ್ರಗಳನ್ನು ಕಾಯ್ದಿಡಿ. ಒಂದು ಪ್ರತಿ ಮನೆಯಲ್ಲಿರಲಿ.
* ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ಮೊದಲು ಕಂಪನಿಗೆ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಇದಕ್ಕೆ ಶುಲ್ಕವಿಲ್ಲ.

ಹಲ್ಲಿನ ನಿತ್ಯದ ಖರ್ಚನ್ನು ವಿಮೆ ನೋಡಿಕೊಳ್ಳುತ್ತದೆಂದು ಕಾಯುವುದು ಬೇಡ. ಸಣ್ಣ ಹುಳುಕನ್ನು ಇಂದೇ ತುಂಬಿಸಿದರೆ ನಾಳೆಯ ರೂಟ್ ಕೆನಾಲ್, ಕ್ಯಾಪಿನ ಖರ್ಚು ಉಳಿಯುತ್ತದೆ. ಆರು ತಿಂಗಳಿಗೊಮ್ಮೆ ದಂತವೈದ್ಯರಿಗೆ ಹಲ್ಲು ತೋರಿಸಿ. ರಾತ್ರಿ ಮಲಗುವ ಮುನ್ನ ಮನೆಮಂದಿಯೆಲ್ಲ ಹಲ್ಲುಜ್ಜುವ ರೂಢಿ ಬೆಳೆಸಿಕೊಳ್ಳಿ.