ನೂರು ದಿನ ಓಡಿತು... ದುಡ್ಡು ಎಲ್ಲಿಗೆ ಓಡಿತು?

ಹೀರೋ ಆಗಬೇಕು, ಡೈರೆಕ್ಟರ್ ಆಗಬೇಕು, ಕಡೇಪಕ್ಷ ಫೈಟ್ ಮಾಸ್ಟರ್ ಆದರೂ ಆಗಬೇಕು ಅಂತ ಗಾಂಧಿನಗರಕ್ಕೆ ಬಂದಿಳಿಯುವ ಹುಡುಗರಿಗೆ ಬರವಿಲ್ಲ. ಆದರೆ 'ಸಾರ್, ನಾನು ಸಿನಿಮಾದ ಲೆಕ್ಕ ಕಲಿಯೋಕೆ ಬಂದೆ' ಅಂದವನನ್ನು ನಾನಂತೂ ಇದುವರೆಗೆ ಕಂಡಿಲ್ಲ!

ಈ ಲೆಕ್ಕ ಕಲಿಸುವುದಕ್ಕೂ ಶಾಲೆಗಳಿವೆ, ಮಿತ್ರರೇ. ಕಲ್ಕತ್ತೆಯಲ್ಲಿ 1995ರಲ್ಲಿ ಆರಂಭವಾದ, ಸತ್ಯಜಿತ್ ರೇ ಹೆಸರಿನ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ನಿರ್ದೇಶನ, ಛಾಯಾಗ್ರಹಣದ ಜೊತೆಗೆ ನಿರ್ಮಾಣವೂ ಒಂದು ಸ್ನಾತಕೋತ್ತರ ವಿಷಯ. ಅಹಮದಾಬಾದಿನ 'ಮೈಕಾ' 1991ರದು, ಜಾಹೀರಾತು, ಟಿ.ವಿ., ಮಾಧ್ಯಮಗಳ ವ್ಯವಹಾರ ಅಲ್ಲಿನ ಪಾಠ. ಪುಣೆಯ ಸಿಂಬಯಾಸಿಸ್‌ನಲ್ಲೂ ಇಂಥದೇ ಎಂ.ಬಿ.ಎ. ಉಂಟು.

ಸಿನಿಮಾ ಲೆಕ್ಕದಲ್ಲಿ ಕಲಿಯುವಂಥದ್ದೇನು? ಒಂದೇ ಟಿಕೆಟ್ ತೆಗೆದುಕೊಳ್ಳಿ. ಬೆಲೆ 118 ರೂಪಾಯಿ. ನೂರು ಮೀರಿದ ಟಿಕೆಟ್ಟಿಗೆ 2019ರ ಜನವರಿಯಿಂದ ಜಿ.ಎಸ್.ಟಿ. ಶೇ. 18. ಆ 18 ಸರ್ಕಾರಕ್ಕೆ ಹೋಯಿತು, ಉಳಿದದ್ದು 100. ಅದೂ ನಿರ್ಮಾಪಕನದಲ್ಲ! 2009ರಲ್ಲಿ ಮುಂಬೈ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್ ಮಾಲೀಕರಿಗೂ ಜಟಾಪಟಿ ನಡೆದು, ಕಡೆಗೆ ಆದ ರಾಜಿಯ ಪ್ರಕಾರ ವಿತರಕನ ಕಡೆಗೆ ಮೊದಲ ವಾರ ಶೇ. 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ ಬರೀ 30. ಅದರಲ್ಲೂ ಪೋಸ್ಟರ್ ಖರ್ಚು, ಕಮಿಷನ್ ಕಳೆಯಬೇಕು. ನಾವು ಕಟೌಟಿಗೆ ಹಾರ ಹಾಕಿ ದಿನ ಎಣಿಸುತ್ತಿದ್ದರೆ, ನಿರ್ಮಾಪಕ ಮೊದಲ ಭಾನುವಾರವನ್ನಷ್ಟೇ ಎಣಿಸುತ್ತಾನೆ! ಇನ್ನು ನಮ್ಮ ಬಾಡಿಗೆ ಥಿಯೇಟರುಗಳಲ್ಲಿ ಕಲೆಕ್ಷನ್ ಬಾಡಿಗೆಗಿಂತ ಕಡಿಮೆಯಾದರೆ, ಕೈಯಿಂದ ಕಟ್ಟಬೇಕು.

ಹಾಡಿನ ಕಥೆ ಬೇರೆ. 2012ರ ತಿದ್ದುಪಡಿಯ ನಂತರ, ಥಿಯೇಟರಿನ ಹೊರಗೆ ಹಾಡು ಬಳಕೆಯಾದರೆ ಅದನ್ನು ಬರೆದವರಿಗೆ, ಸಂಗೀತ ಕೊಟ್ಟವರಿಗೆ ರಾಯಲ್ಟಿ ಸಲ್ಲಬೇಕು. ಆ ಹಕ್ಕನ್ನು ಬಿಟ್ಟುಕೊಡುವ ಹಾಗೇ ಇಲ್ಲ. ಎಷ್ಟು ಗೀತರಚನೆಕಾರರಿಗೆ ಗೊತ್ತು ಇದು?

"ಅಲ್ರೀ, ಪಾರ್ವತಮ್ಮನವರು ಯಾವ ಎಂ.ಬಿ.ಎ. ಓದಿದ್ರು?" ಅಂತೀರಿ. ನಿಜ. 1975ರ 'ತ್ರಿಮೂರ್ತಿ'ಯಿಂದ ಶುರುಮಾಡಿ ನಿರ್ಮಾಣ, ವಿತರಣೆ ಎರಡನ್ನೂ ಕೈಯಲ್ಲಿಟ್ಟುಕೊಂಡ ಆ ಮಹಾತಾಯಿಗೆ ಯಾವ ಕಾಲೇಜೂ ಬೇಕಿರಲಿಲ್ಲ. ಆದರೆ ಅಣ್ಣಾವ್ರ ಕಾಲ್‌ಷೀಟು ಅವರ ಮನೆಯಲ್ಲೇ ಇತ್ತು, ಸ್ವಾಮಿ! ನಮ್ಮನಿಮ್ಮ ಮನೆಯಲ್ಲಿ ಏನಿದೆ? 1998ರಲ್ಲಿ ಚಿತ್ರರಂಗಕ್ಕೆ ಕೇಂದ್ರ ಸರ್ಕಾರ 'ಉದ್ಯಮ'ದ ಪಟ್ಟ ಘೋಷಿಸಿತು; ಬ್ಯಾಂಕಿನ ಬಾಗಿಲು ತೆರೆಯಿತು. ಬ್ಯಾಂಕಿನವನಿಗೆ ಕಥೆ ಬೇಡ, ಕಾಗದ ಬೇಕು.

ಒಂದೇ ತೊಡಕು. ಈ ಶಾಲೆಗಳಿಗೆ ಯಾವುದಾದರೊಂದು ಡಿಗ್ರಿ ಆಗಿರಲೇಬೇಕು, ಪ್ರವೇಶ ಪರೀಕ್ಷೆಯೂ ಉಂಟು. ಖಾಸಗಿಯಾದರೆ ಫೀಸು ಲಕ್ಷಗಟ್ಟಲೆ. ಪಿ.ಯು.ಸಿ. ಬಿಟ್ಟ ನನ್ನಂಥವನಿಗೆ ಗೇಟಿನಲ್ಲೇ 'ಹೌಸ್‌ಫುಲ್' ಬೋರ್ಡು.

ಮೊನ್ನೆ ಹಾಸನದ ಹುಡುಗನೊಬ್ಬ ಸಿಕ್ಕಿದ್ದ. ಕೊನೇ ವರ್ಷದ ಬಿ.ಕಾಂ. ಅಸಿಸ್ಟೆಂಟ್ ಡೈರೆಕ್ಟರ್ ಚಾನ್ಸ್ ಬಂದಿದೆಯಂತೆ. ಸಂಬಳವಿಲ್ಲ, ಊಟ ಉಂಟು. "ಕಾಲೇಜು ಬಿಟ್ಟುಬಿಡ್ಲಾ ಅಣ್ಣಾ?" ಅಂದ. ಎಷ್ಟು ಸಬ್ಜೆಕ್ಟ್ ಬಾಕಿ ಇದೆಯೋ ಅಂತ ಕೇಳಿದೆ. ಎರಡು ಅಂದ. ಮೊದಲು ಅವೆರಡನ್ನು ಕಟ್ಟಿ ಬಾ ಅಂತ ರಾತ್ರಿ ಬಸ್ಸಿಗೆ ಹತ್ತಿಸಿದೆ.